ಮುಂದೆ ಅರಮನೆ, ಹಿಂದೆ ಮನೆ: ಬಾತ್ ಪಟ್ಟಣದ ಜಾರ್ಜಿಯನ್ ಮನೆಗಳನ್ನು ನೋಡುತ್ತ

ಮೊದಲ ದಿನ: ಕ್ವೀನ್ ಸ್ಕ್ವೇರ್‌ನಿಂದ ಸರ್ಕಸ್‌ವರೆಗೆ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬಾತ್ ಸ್ಪಾ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಇಳಿದವರಲ್ಲಿ ಹೆಚ್ಚಿನವರು ನೇರವಾಗಿ ರೋಮನ್ನರ ಸ್ನಾನಗೃಹದ ಕಡೆ ನಡೆಯುತ್ತಾರೆ. ಮನೆಗಳನ್ನು ನೋಡಲೆಂದೇ ಬಂದವರು ಅದನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಂಡು ಮೊದಲು ಕ್ವೀನ್ ಸ್ಕ್ವೇರ್‌ಗೆ ಹೋಗುವುದು ಒಳ್ಳೆಯದು. ಈ ಊರು ಕೆಳಗಿನಿಂದ ಮೇಲಕ್ಕೆ ಬೆಳೆದದ್ದು. ಕಟ್ಟಿದ ಕ್ರಮದಲ್ಲೇ ಗುಡ್ಡ ಹತ್ತಿದರೆ ಒಂದು ಯೋಚನೆ ಹೇಗೆ ಮಾಗುತ್ತ ಹೋಯಿತು ಎನ್ನುವುದು ಕಾಲಿಗೇ ಗೊತ್ತಾಗುತ್ತದೆ. ದಾರಿಯೆಲ್ಲ ಏರು, ಕಲ್ಲುಹಾಸು ಮಳೆಗೆ ಜಾರುತ್ತದೆ. ಹಿಡಿತವಿರುವ ಬೂಟು ಹಾಕಿಕೊಳ್ಳಿ.

ಇಂಗ್ಲೆಂಡನ್ನು 1714ರಿಂದ 1830ರವರೆಗೆ ಒಬ್ಬರ ಹಿಂದೊಬ್ಬರಂತೆ ನಾಲ್ವರು ಜಾರ್ಜ್ ದೊರೆಗಳು ಆಳಿದರು. ಆ ಕಾಲದ ಕಟ್ಟಡಗಳೇ ಜಾರ್ಜಿಯನ್. ಬಾತ್‌ನಲ್ಲಿ ಅದರ ದೊಡ್ಡ ಆರಂಭ ಕ್ವೀನ್ ಸ್ಕ್ವೇರ್. ಹಿರಿಯ ಜಾನ್ ವುಡ್ ಇದನ್ನು 1728ರಲ್ಲಿ ಶುರುಮಾಡಿ 1736ರಲ್ಲಿ ಮುಗಿಸಿದ. ಚೌಕದ ನಡುವೆ ನಿಂತು ಉತ್ತರದ ಸಾಲನ್ನು ನೋಡಿದರೆ ಒಂದೇ ಅರಮನೆ ಕಾಣುತ್ತದೆ: ನಡುವೆ ತ್ರಿಕೋನ ಮುಖಮಂಟಪ (ಕಂಬಗಳ ನೆತ್ತಿಗೆ ಕೂತ ತ್ರಿಕೋನದ ಕಲ್ಲುಮುಡಿ), ಎರಡು ತುದಿಯಲ್ಲಿ ತುಸು ಮುಂದೆ ಬಂದ ಭಾಗಗಳು, ಉದ್ದಕ್ಕೂ ತಲೆಗೆ ಎಲೆ ಕೆತ್ತಿದ ಕೊರಿಂಥಿಯನ್ ಕಂಬಗಳು. ಬಾಗಿಲು ಎಣಿಸಿದರೆ ಮಾತ್ರ ಅದು ಏಳು ಬೇರೆ ಬೇರೆ ಮನೆಗಳ ಸಾಲೆಂದು ತಿಳಿಯುತ್ತದೆ.

ಇದರ ಹಿಂದಿನ ಲೆಕ್ಕ ಸರಳ, ಜಾಣತನದ್ದು. ವುಡ್ ನೆಲವನ್ನು ರಾಬರ್ಟ್ ಗೇ ಎಂಬ ಲಂಡನ್ನಿನ ಶಸ್ತ್ರವೈದ್ಯನಿಂದ ದೀರ್ಘ ಗುತ್ತಿಗೆಗೆ ಪಡೆದ, ನಿವೇಶನಗಳಾಗಿ ಹೋಳು ಮಾಡಿ ಕಟ್ಟುವವರಿಗೆ ಒಳಗುತ್ತಿಗೆ ಕೊಟ್ಟ. ಷರತ್ತು ಒಂದೇ: ಬೀದಿಗೆ ಕಾಣುವ ಗೋಡೆ ತಾನು ಬರೆದುಕೊಟ್ಟ ನಕ್ಷೆಯಂತೆಯೇ ಏಳಬೇಕು. ಹಿಂದೆ ಎಷ್ಟು ಕೋಣೆ, ಎಂಥ ಮೆಟ್ಟಿಲು, ಎಷ್ಟು ಆಳ ಎಲ್ಲವೂ ಕಟ್ಟಿಸುವವರ ಜೇಬಿಗೆ ಬಿಟ್ಟದ್ದು. ಬೀದಿಯ ಮುಖ ಊರಿಗೆ ಸೇರಿದ್ದು, ಬೆನ್ನು ಮಾಲೀಕನಿಗೆ ಸೇರಿದ್ದು. ಬಾತ್‌ನ ಯಾವ ಮನೆಯನ್ನು ನೋಡುವಾಗಲೂ ಇದನ್ನು ಮರೆಯಬಾರದು. ಸೊಬಗು, ಲೋಪ, ಇಂದಿನ ರಿಪೇರಿಯ ತಲೆನೋವು ಎಲ್ಲವೂ ಇದೇ ಬೇರಿನಿಂದ ಬಂದವು.

ಗೇ ಸ್ಟ್ರೀಟ್ ಹತ್ತಿದರೆ ಸರ್ಕಸ್. ವೃತ್ತಾಕಾರದಲ್ಲಿ 33 ಮನೆಗಳು, ಬಿಲ್ಲಿನಂತೆ ಬಾಗಿದ ಮೂರು ಸಾಲುಗಳು, ಒಳಗೆ ಬರಲು ಮೂರು ಬೀದಿಗಳು. ಯಾವ ಬೀದಿಯಿಂದ ಬಂದರೂ ಎದುರಿಗೆ ತೆರಪು ಸಿಗದೆ ಒಂದು ಸಾಲಿನ ಮುಖವೇ ಸಿಗುವಂತೆ ಬಾಯಿಗಳನ್ನು ಇಟ್ಟಿದ್ದಾರೆ. ಅಡ್ಡಳತೆ ಸುಮಾರು 97 ಮೀಟರ್. 1754ರಲ್ಲಿ ಅಡಿಗಲ್ಲು ಬಿದ್ದ ಕೆಲವೇ ತಿಂಗಳಲ್ಲಿ ಹಿರಿಯ ವುಡ್ ತೀರಿಕೊಂಡ. ಅದೇ ಹೆಸರಿನ ಮಗ 1768ರ ಹೊತ್ತಿಗೆ ಮುಗಿಸಿದ. ಮೂರು ಅಂತಸ್ತಿನಲ್ಲೂ ಜೋಡಿ ಕಂಬಗಳಿವೆ: ಕೆಳಗೆ ಸರಳ ತಲೆಯ ಡೋರಿಕ್, ನಡುವೆ ಸುರುಳಿ ತಲೆಯ ಅಯಾನಿಕ್, ಮೇಲೆ ಕೊರಿಂಥಿಯನ್. ಡೋರಿಕ್ ಕಂಬಗಳ ಮೇಲಿನ ಪಟ್ಟಿಯಲ್ಲಿ ಹಾವು, ವಾದ್ಯ, ಹಡಗು, ಕೈವಾರದಂಥ 525 ಕೆತ್ತನೆಗಳು. ಪ್ಯಾರಾಪೆಟ್ ಗೋಡೆಯ ನೆತ್ತಿಗೆ ಕಲ್ಲಿನ ಓಕ್ ಕಾಯಿಗಳು.

ನಡುವಿನ ಪ್ಲೇನ್ ಮರಗಳು ಚೆಂದವೇ. ಆದರೆ ವುಡ್ ಇಲ್ಲಿ ಮರ ಬಯಸಿರಲಿಲ್ಲ. ಅಂಗಳವೆಲ್ಲ ಬರಿಯ ಕಲ್ಲುಹಾಸು ಇತ್ತು, ವೃತ್ತ ಒಂದೇ ನೋಟಕ್ಕೆ ಪೂರ್ತಿ ದಕ್ಕುತ್ತಿತ್ತು. ಹಾಗಾಗಿ ಎಲೆ ಉದುರಿರುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಂದವರಿಗೇ ಸರ್ಕಸ್ ನಿಜವಾಗಿ ಕಾಣುವುದು. ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಇಲ್ಲಿ ಮನೆ ಹಿಡಿದಿದ್ದ ಎನ್ನುವುದನ್ನೂ ನೆನಪಿಡಿ. ಬಂಗಾಳದಿಂದ ದೋಚಿದ ಹಣ, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯ ಹಣ ಈ ಬೀದಿಗಳ ಬಾಡಿಗೆಯಾಗಿ ಹರಿದಿವೆ.

ಬಿಡುವ ಮುನ್ನ ಒಂದು ಕಾರ್ನಿಸ್‌ನ (ಗೋಡೆಯ ಮೇಲ್ತುದಿಯಲ್ಲಿ ಮುಂದಕ್ಕೆ ಚಾಚಿದ ಅಂಚಿನ) ಅಡಿಭಾಗವನ್ನು ಹತ್ತಿರದಿಂದ ನೋಡಿ. ಮಳೆ ಹೊಡೆಯುವ ಕಡೆ ಕಲ್ಲು ಜೇನಿನ ಬಣ್ಣಕ್ಕಿದೆ. ಮಳೆ ತಾಕದ ಮರೆಯಲ್ಲಿ ಕರಿಯ ಹಕ್ಕಳೆ. ಬಾತ್ ಕಲ್ಲು ಎಂದರೆ ಮೀನಿನ ಮೊಟ್ಟೆಯಂಥ ಸಣ್ಣ ಸುಣ್ಣದ ಗುಳಿಗೆಗಳು ಅಂಟಿಕೊಂಡು ಆದ ಸುಣ್ಣಕಲ್ಲು. ಕಲ್ಲಿದ್ದಲ ಹೊಗೆಯ ಗಂಧಕ ಅದರೊಂದಿಗೆ ಸೇರಿ ಮೈಮೇಲೆ ಜಿಪ್ಸಮ್ ಪದರ ಕಟ್ಟುತ್ತದೆ, ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತೆರೆದ ಭಾಗದಲ್ಲಿ ಮಳೆ ಅದನ್ನು ತೊಳೆದೊಯ್ಯುತ್ತದೆ, ಮರೆಯಲ್ಲಿ ಅದು ದಪ್ಪಗಾಗುತ್ತ ಹೋಗಿ ಕೊನೆಗೆ ಕಲ್ಲಿನ ತೊಗಲನ್ನೂ ಕಿತ್ತುಕೊಂಡು ಉದುರುತ್ತದೆ. ಹಿಂದೆ ಇದನ್ನು ಮರಳು ಊದಿ ಉಜ್ಜುತ್ತಿದ್ದರು, ಕೆತ್ತನೆಯ ಮೂಗು ಬಾಯಿ ಎಲ್ಲ ಹೋದವು. ಈಗ ಸಣ್ಣ ತುಂತುರಿನಲ್ಲಿ ಹಕ್ಕಳೆಯನ್ನು ಗಂಟೆಗಟ್ಟಲೆ ನೆನೆಸಿ ಮೃದು ಬ್ರಷ್‌ನಿಂದ ತೆಗೆಯುತ್ತಾರೆ. ನೀರು ಹೆಚ್ಚಾದರೂ ಅಪಾಯ: ಒಳಗೆ ಇಂಗಿ ತೊಲೆಯ ತುದಿಗಳನ್ನು ಕೊಳೆಸುತ್ತದೆ.

ಎರಡನೇ ದಿನ: ರಾಯಲ್ ಕ್ರೆಸೆಂಟ್, ಮನೆ ನಂಬರ್ 1

ಸರ್ಕಸ್‌ನಿಂದ ಕ್ರೆಸೆಂಟ್‌ಗೆ ಹೋಗುವ ಬ್ರಾಕ್ ಸ್ಟ್ರೀಟ್ ಬೇಕೆಂದೇ ಸಪ್ಪೆಯಾಗಿದೆ. ಕಂಬಗಳ ಸಾಲಿಲ್ಲ, ಆಡಂಬರವಿಲ್ಲ. ಅದರ ತುದಿ ಮುಟ್ಟುವವರೆಗೆ ಮುಂದೇನಿದೆ ಎನ್ನುವ ಸುಳಿವೂ ಇಲ್ಲ. ತಿರುಗಿದ ಕೂಡಲೇ 150 ಮೀಟರ್ ಉದ್ದದ ಅರ್ಧ ದೀರ್ಘವೃತ್ತ, 30 ಮನೆ, 114 ಅಯಾನಿಕ್ ಕಂಬ, ಎದುರಿಗೆ ಇಳಿಜಾರು ಹುಲ್ಲುಹಾಸು. ಕಿರಿಯ ಜಾನ್ ವುಡ್ 1767ರಿಂದ 1775ರ ನಡುವೆ ಕಟ್ಟಿಸಿದ್ದು. ನೆಲದಂತಸ್ತನ್ನು ಬೋಳಾಗಿ ಬಿಟ್ಟು, ಮೇಲಿನ ಎರಡು ಅಂತಸ್ತುಗಳನ್ನು ಒಂದೇ ಕಂಬ ಹೊರುವಂತೆ ಮಾಡಿದ್ದರಲ್ಲೇ ಅದರ ಗಾಂಭೀರ್ಯವಿದೆ. ನಟ್ಟನಡುವೆ ಮುಖಮಂಟಪ ಕೂಡ ಇಲ್ಲ, ಜೋಡಿ ಕಂಬ ಮತ್ತು ಒಂದು ಕಮಾನು ಕಿಟಕಿಯಷ್ಟೇ. ಸರ್ಕಸ್‌ನ ಕೆತ್ತನೆಗಿಂತ ಇದು ಬಡವೆನ್ನುವವರಿದ್ದಾರೆ. ಇಷ್ಟು ಉದ್ದದ ಸಾಲಿಗೆ ಇದಕ್ಕಿಂತ ಒಂದು ಗೆರೆ ಹೆಚ್ಚಾಗಿದ್ದರೂ ಕೆಡುತ್ತಿತ್ತು ಎಂಬುದೇ ಸರಿಯಾದ ಮಾತು. ಸಾಲು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬೆಳಗಿನಲ್ಲಿ ಬಂದರೆ ಬೆಳಕು ಓರೆಯಾಗಿ ಬಿದ್ದು ಕಂಬಗಳ ದುಂಡು ಎದ್ದು ಕಾಣುತ್ತದೆ.

ಪೂರ್ವದ ತುದಿಯ ನಂಬರ್ 1 ಎಲ್ಲಕ್ಕಿಂತ ಮೊದಲು, 1767–69ರಲ್ಲಿ ಎದ್ದದ್ದು. ಉಳಿದವರಿಗೆ ಮಾದರಿಯಾಗಲೆಂದು ಕಟ್ಟಿದ ಮನೆ. ಐರ್ಲೆಂಡಿನ ಜಮೀನ್ದಾರ ಹೆನ್ರಿ ಸ್ಯಾಂಡ್‌ಫರ್ಡ್ 1776ರಿಂದ 1796ರವರೆಗೆ ಇಲ್ಲಿ ಬಾಡಿಗೆಗೆ ಇದ್ದ. 1967ರಲ್ಲಿ ಮನೆ ಬಾತ್ ಪ್ರಿಸರ್ವೇಶನ್ ಟ್ರಸ್ಟ್‌ನ ಕೈಗೆ ಬಂತು, 1970ರಲ್ಲಿ ವಸ್ತುಸಂಗ್ರಹಾಲಯವಾಯಿತು. ಬೇರೆಯಾಗಿ ಹೋಗಿದ್ದ ಆಳುಗಳ ಭಾಗ 2013ರಲ್ಲಿ ಮತ್ತೆ ಕೂಡಿಕೊಂಡಿತು. ತೆರೆಯುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಟಿಕೆಟ್ ಮೊದಲೇ ಕಾಯ್ದಿರಿಸಿ. ಒಳಗೆ ಎರಡು ಗಂಟೆಯಾದರೂ ಬೇಕು.

ಮನೆಯನ್ನು ಎತ್ತರಕ್ಕೆ ಓದಬೇಕು. ನೆಲಮಾಳಿಗೆಯಲ್ಲಿ ಅಡುಗೆಮನೆ, ಪಾತ್ರೆ ತೊಳೆಯುವ ಕೋಣೆ, ಆಳುಗಳ ಊಟದ ಕೋಣೆ. ನೆಲದಂತಸ್ತಿನಲ್ಲಿ ಪಡಸಾಲೆ, ಊಟದ ಮನೆ, ಯಜಮಾನನ ಓದುಕೋಣೆ. ಮೊದಲ ಮಹಡಿಯಲ್ಲಿ ಅತಿಥಿಗಳ ದೊಡ್ಡ ಕೋಣೆ, ಯಜಮಾನಿಯ ಮಲಗುವ ಕೋಣೆ. ಅದರ ಮೇಲೆ ಮಲಗುವ ಕೋಣೆಗಳು, ಅಟ್ಟದಲ್ಲಿ ಆಳುಗಳು. ಇದೆಲ್ಲವನ್ನೂ ಬೀದಿಯಲ್ಲಿ ನಿಂತೇ ಕಿಟಕಿಯ ಎತ್ತರದಿಂದ ಹೇಳಬಹುದು: ಮೊದಲ ಮಹಡಿಯದು ಅತಿ ಎತ್ತರ, ಸುಮಾರು ಅಗಲದ ಎರಡು ಪಟ್ಟು, ಮೇಲೆ ಹೋದಂತೆ ಗಿಡ್ಡ, ಅಟ್ಟದಲ್ಲಿ ಚೌಕ. ಒಳಗಿನ ಗೋಡೆಗೂ ಕಂಬದ ಅಳತೆಯದೇ ನಿಯಮ. ಕೆಳಗೆ ಪೀಠದಂತೆ ಸೊಂಟದೆತ್ತರದ ಪಟ್ಟಿ, ನಡುವೆ ಬಯಲು ಗೋಡೆ, ಮೇಲೆ ಕಾರ್ನಿಸ್. ಅತಿಥಿ ಬರುವ ಕೋಣೆಗೆ ಪೂರ್ಣ ಕೆತ್ತನೆಯ ಕಾರ್ನಿಸ್, ಆಳು ಮಲಗುವ ಕೋಣೆಗೆ ಏನೂ ಇಲ್ಲ.

ಅಡುಗೆಮನೆಯಲ್ಲಿ ಮಾಂಸದ ಕಂಬಿಯನ್ನು ತಿರುಗಿಸಲು ನಾಯಿಯನ್ನು ಓಡಿಸುತ್ತಿದ್ದ ಚಕ್ರವನ್ನು ಗೋಡೆಗೆ ಎತ್ತರದಲ್ಲಿ ಹಾಕಿದ್ದಾರೆ. ಮಕ್ಕಳಿಗೆ ಅದೇ ನೆನಪಿನಲ್ಲಿ ಉಳಿಯುತ್ತದೆ. ದೊಡ್ಡವರು ನೋಡಬೇಕಾದದ್ದು ಕಿಟಕಿ.

ಇಂಗ್ಲೆಂಡಿನ ಈ ಸ್ಯಾಶ್ ಕಿಟಕಿ ಬಾಗಿಲಿನಂತೆ ತೆರೆಯುವುದಿಲ್ಲ. ಮೇಲೆ ಆರು ಗಾಜು, ಕೆಳಗೆ ಆರು ಗಾಜಿನ ಎರಡು ಮರದ ಚೌಕಟ್ಟುಗಳು ಒಂದರ ಹಿಂದೊಂದು ಜಾರುತ್ತವೆ. ಪ್ರತಿ ಚೌಕಟ್ಟಿನ ಎರಡು ಬದಿಗೂ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ಪಕ್ಕದ ಮರದ ಪೆಟ್ಟಿಗೆಯೊಳಗೆ ಇಳಿದು ತೂಕದ ಗುಂಡಿಗೆ ಕಟ್ಟಿರುತ್ತದೆ. ಮೇಲಿನ ಚೌಕಟ್ಟಿನ ಎರಡು ಗುಂಡುಗಳು ಸೇರಿ ಚೌಕಟ್ಟಿಗಿಂತ ಅರ್ಧ ಕಿಲೋದಷ್ಟು ಭಾರವಿರಬೇಕು, ಆಗ ಅದು ತಾನೇ ಮೇಲಕ್ಕೆ ಒತ್ತಿ ನಿಲ್ಲುತ್ತದೆ. ಕೆಳಗಿನದಕ್ಕೆ ಅಷ್ಟೇ ಹಗುರವಿರಬೇಕು, ಆಗ ಅದು ತಾನೇ ಕೂರುತ್ತದೆ. ಹಗ್ಗ ಹರಿದರೆ ಕೆಲಸ ಹೀಗೆ: ಬಣ್ಣದ ಸಂದನ್ನು ಚಾಕುವಿನಿಂದ ಬಿಡಿಸಿ ಒಳಪಟ್ಟಿ ಕಿತ್ತು ಕೆಳಗಿನ ಚೌಕಟ್ಟು ಹೊರತೆಗೆಯುವುದು, ನಡುಪಟ್ಟಿ ಕಿತ್ತು ಮೇಲಿನದನ್ನು ತೆಗೆಯುವುದು, ಪೆಟ್ಟಿಗೆಯ ಬುಡದಲ್ಲಿರುವ ಸಣ್ಣ ಮುಚ್ಚಳ ಬಿಚ್ಚಿ ಗುಂಡನ್ನು ಹೊರಗೆಳೆದು ಹೊಸ ಹತ್ತಿ ಹಗ್ಗ ಕಟ್ಟುವುದು. ಚೌಕಟ್ಟು ಪೂರ್ತಿ ಮೇಲಿದ್ದಾಗ ಗುಂಡು ಪೆಟ್ಟಿಗೆಯ ತಳದಿಂದ 5 ಸೆಂಟಿಮೀಟರ್‌ನಷ್ಟು ಮೇಲೆ ತೂಗಬೇಕು. ಹಗ್ಗ ಉದ್ದವಾಗಿ ತಳ ಮುಟ್ಟಿದರೆ ಕಿಟಕಿ ಮೇಲೆ ನಿಲ್ಲದೆ ಜಾರುತ್ತದೆ. ಜೋಡಿ ಗಾಜು ಹಾಕಿಸುವವರು ಮರೆಯುವುದು ಇದನ್ನೇ: ಚೌಕಟ್ಟಿನ ತೂಕ ಏರುತ್ತದೆ, ಅಷ್ಟು ಉದ್ದದ ಎರಕದ ಕಬ್ಬಿಣದ ಗುಂಡು ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ, ಸೀಸದ್ದು ಮಾಡಿಸಬೇಕು.

ಕಿಟಕಿ ನೋಡಿ ಕಾಲ ಹೇಳುವುದು ಕಷ್ಟವಲ್ಲ. 18ನೇ ಶತಮಾನದ ಮೊದಲ ಭಾಗದಲ್ಲಿ ಗಾಜಿನ ನಡುವಿನ ಮರದ ಕಡ್ಡಿ ದಪ್ಪ, ಕೊನೆಯ ಹೊತ್ತಿಗೆ ಬೆರಳಿಗಿಂತ ತೆಳು. ಮೇಲಿನ ಚೌಕಟ್ಟಿನ ಕೆಳತುದಿಯಲ್ಲಿ ಕೊಂಬಿನಂತೆ ಇಳಿದ ಮರವಿದ್ದರೆ ಅದು ವಿಕ್ಟೋರಿಯನ್: ಕಡ್ಡಿ ತೆಗೆದು ದೊಡ್ಡ ಭಾರದ ಗಾಜು ಹಾಕಿದಾಗ ಮೂಲೆ ಬಿಗಿಗೆ ಅದು ಬೇಕಾಯಿತು. ಹಳೆಯ ಗಾಜನ್ನು ಊದಿ ತಟ್ಟೆಯಂತೆ ತಿರುಗಿಸಿ ಮಾಡುತ್ತಿದ್ದರು. ಬೀದಿಯ ಎದುರಿನಿಂದ ನೋಡಿದರೆ ಅದರಲ್ಲಿ ಆಕಾಶ ಅಲೆಯಲೆಯಾಗಿ ಕಾಣುತ್ತದೆ, ಹೊಸ ಗಾಜಿನಲ್ಲಿ ಚಪ್ಪಟೆ. ಕ್ರೆಸೆಂಟಿನ ಎಷ್ಟೋ ಮನೆಗಳಲ್ಲಿ ವಿಕ್ಟೋರಿಯನ್ನರು ನೋಟಕ್ಕಾಗಿ ಮೊದಲ ಮಹಡಿಯ ಕಿಟಕಿಯ ಬುಡವನ್ನು ಒಡೆದು ಕೆಳಗಿಳಿಸಿದರು. ನಂಬರ್ 1ರಲ್ಲಿ ಜೀರ್ಣೋದ್ಧಾರದ ವೇಳೆ ಅದನ್ನು ಹಳೆಯ ಮಟ್ಟಕ್ಕೆ ಏರಿಸಿ ಕಡ್ಡಿಗಳನ್ನೂ ಮರಳಿ ಕೂರಿಸಿದ್ದಾರೆ. ಪಕ್ಕದ ಮನೆಗಳೊಂದಿಗೆ ಹೋಲಿಸಿದರೆ ಕಂಬ ಮತ್ತು ಕಿಟಕಿಯ ಅಳತೆ ಇಲ್ಲಿ ಮಾತ್ರ ಹೊಂದುತ್ತದೆ. ಇದೊಂದು ಕೆಲಸಕ್ಕಾಗಿಯೇ ಆ ಜೀರ್ಣೋದ್ಧಾರವನ್ನು ಮೆಚ್ಚಬೇಕು.

ಮುಚ್ಚಿದ ಕಿಟಕಿ ಕಂಡರೆ ಮಾರ್ಗದರ್ಶಕರು ಕಿಟಕಿ ತೆರಿಗೆಯ ಕತೆ ಹೇಳುತ್ತಾರೆ. ತೆರಿಗೆ 1696ರಿಂದ 1851ರವರೆಗೆ ಇದ್ದದ್ದು ನಿಜ, ಅದಕ್ಕಾಗಿ ಕಿಟಕಿ ಮುಚ್ಚಿಸಿದ್ದೂ ನಿಜ. ಆದರೆ ಹಿಂದೆ ಹೊಗೆಗೂಡೋ ಅಡ್ಡಗೋಡೆಯೋ ಇದ್ದಾಗ, ಹೊರಗಿನ ಸಮಾನತೆ ಕೆಡದಿರಲೆಂದು ಮೊದಲಿನಿಂದಲೇ ಕುರುಡಾಗಿ ಕಟ್ಟಿದ ಕಿಟಕಿಗಳೂ ಬಹಳ. ಸುತ್ತಲಿನ ಕಲ್ಲಿನೊಂದಿಗೆ ವರಸೆ ತಪ್ಪದೆ ಒಳಗಿನ ಕಲ್ಲು ಸಾಗಿದ್ದರೆ ಅದು ಹುಟ್ಟುಕುರುಡು. ಸಂದು ಹೊಂದದಿದ್ದರೆ ಆಮೇಲೆ ಮುಚ್ಚಿದ್ದು.

ಮೂರನೇ ದಿನ: ಹಿತ್ತಿಲು, ಮಾಡು, ಜಾರಿದ ಗುಡ್ಡ

ಕ್ರೆಸೆಂಟಿನ ಹಿಂಬದಿಯ ಓಣಿಗೆ ಯಾವ ಪ್ರವಾಸಿ ಬಸ್ಸೂ ಬರುವುದಿಲ್ಲ. ಬರಲೇಬೇಕಾದ ಜಾಗ ಇದು. ಮುಂದೆ ಒಂದೇ ಗೆರೆಯಲ್ಲಿದ್ದ 30 ಮನೆಗಳು ಇಲ್ಲಿ ಒಂದೊಂದು ಎತ್ತರ, ಒಂದೊಂದು ಆಳ. ಕಿಟಕಿಗಳು ಮನಬಂದಲ್ಲಿ, ಗೋಡೆ ಕಾಡುಗಲ್ಲಿನದು. ಕೊಂಡವರು ಮುಂಭಾಗದ ಇಷ್ಟು ಅಡಿ ಕೊಂಡು, ಹಿಂದಿನದನ್ನು ತಮ್ಮ ಮೇಸ್ತ್ರಿಯಿಂದ ಕಟ್ಟಿಸಿಕೊಂಡದ್ದು ಕಣ್ಣಿಗೆ ಕಟ್ಟುತ್ತದೆ.

ಈ ಎರಡು ಮುಖದ ಜೀವನಕ್ಕೆ ಬೆಲೆಯೂ ಇದೆ. ಮುಂದಿನ ಗೋಡೆಯಲ್ಲಿ ನುಣುಪಾಗಿ ಕೊಯ್ದ ಕಲ್ಲು 2–3 ಮಿಲಿಮೀಟರ್ ಸಂದಿನಲ್ಲಿ ಕೂತಿದೆ. ಅದರ ಬೆನ್ನಿಗೆ ಕಾಡುಗಲ್ಲು, ಸುಣ್ಣದ ಗಾರೆ. ಎರಡನ್ನೂ ಹೆಣೆಯುವ ಅಡ್ಡಗಲ್ಲುಗಳನ್ನು ಖರ್ಚು ಉಳಿಸಲು ಎಷ್ಟೋ ಕಡೆ ಬಿಟ್ಟಿದ್ದಾರೆ. ಮನೆ ಮನೆಯ ನಡುವಿನ ಗೋಡೆ ಬೇರೆ ಕಾಲದಲ್ಲಿ ಎದ್ದದ್ದರಿಂದ ಮುಂದಿನ ಗೋಡೆಗೆ ಬೆಸುಗೆಯೇ ಇರುವುದಿಲ್ಲ. ಕಾಲಾಂತರದಲ್ಲಿ ಮುಂಗೋಡೆ ಹೊರಕ್ಕೆ ಉಬ್ಬುತ್ತದೆ. ಒಳಗೆ ಮೂಲೆಯಲ್ಲಿ ಕೆಳಗೆ ಕೂದಲೆಳೆ, ಮೇಲೆ ಬೆರಳಗಲದ ಬಿರುಕು ಕಂಡರೆ ಅದೇ ಲಕ್ಷಣ. ತುಕ್ಕು ಹಿಡಿಯದ ಉಕ್ಕಿನ ಸರಳುಗಳಿಂದ ಗೋಡೆಯನ್ನು ತೊಲೆಗಳಿಗೂ ಪಕ್ಕದ ಗೋಡೆಗೂ ಹಿಡಿಸುವುದು ಪರಿಹಾರ.

ಮಾಡನ್ನು ಬೀದಿಯಿಂದ ನೋಡಲಾಗದು, ಪ್ಯಾರಾಪೆಟ್ ಅದನ್ನು ಮುಚ್ಚಿದೆ. ಆಳದ ಮನೆಗೆ ಒಂದೇ ಇಳಿಜಾರಿನ ಮಾಡು ಹಾಕಿದರೆ ಅದು ಎದ್ದು ಕಾಣುತ್ತದೆ. ಆದ್ದರಿಂದ ಎರಡು ಸಣ್ಣ ಮಾಡುಗಳನ್ನು ಅಕ್ಕಪಕ್ಕ ಹಾಕಿ ನಡುವೆ ಸೀಸದ ತಗಡಿನ ದೋಣಿ ಬಿಟ್ಟಿದ್ದಾರೆ. ಇಂಥ ಮನೆಗಳ ಮೊದಲ ಶತ್ರು ಈ ದೋಣಿ. ಎಲೆ, ಪಾರಿವಾಳದ ಗೂಡು, ಹಿಮ ಯಾವುದು ಕಟ್ಟಿದರೂ ನೀರು ತಗಡಿನ ಅಂಚು ದಾಟಿ ಮನೆಯ ನಟ್ಟನಡುವೆ ಇಳಿಯುತ್ತದೆ, ತೊಲೆಯ ತುದಿ ಕೊಳೆಯುವವರೆಗೆ ಗೊತ್ತೇ ಆಗುವುದಿಲ್ಲ. ಸೀಸ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ದಪ್ಪಕ್ಕೆ ತಕ್ಕಂತೆ ಸಾಮಾನ್ಯವಾಗಿ ಎರಡು, ಎರಡೂವರೆ ಮೀಟರಿಗೊಮ್ಮೆ ಒಂದು ಮೆಟ್ಟಿಲು ಕೊಟ್ಟು ತುಂಡು ಬದಲಿಸದಿದ್ದರೆ ಅದು ಅಡ್ಡಕ್ಕೆ ಸೀಳುತ್ತದೆ. ಉದ್ದ ತಗಡು ಹಾಕಿ ಬೆಸುಗೆ ಉಳಿಸಿದವರ ಮನೆಯ ಚಾವಣಿಯೇ ಮೊದಲು ಬೀಳುವುದು. ಚಾವಣಿ ಎಂದರೆ ಕೋಣೆಯೊಳಗಿನಿಂದ ಕಾಣುವ ಮುಚ್ಚಿಗೆ: ಮರದ ರೀಪುಗಳ ಮೇಲೆ ಪ್ರಾಣಿಯ ಕೂದಲು ಬೆರೆಸಿದ ಸುಣ್ಣದ ಗಿಲಾವು. ರೀಪಿನ ಸಂದಿನಿಂದ ಮೇಲಕ್ಕೆ ಉಕ್ಕಿ ಗಂಟಾಗಿ ನಿಂತ ಗಿಲಾವೇ ಅದರ ಹಿಡಿತ. ಆ ಗಂಟುಗಳು ಮುರಿದರೆ ಇಡೀ ಹಲಗೆಯೇ ಕೆಳಗೆ. ಬೆರಳಿನಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಮಂಚ ಇಡಬೇಡಿ.

ಮಧ್ಯಾಹ್ನ ಕೆಳಗಿಳಿದು ನ್ಯೂ ಕಿಂಗ್ ಸ್ಟ್ರೀಟಿನ 19ನೇ ಮನೆಗೆ ಹೋಗಿ. ಸಂಗೀತಗಾರ ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡದ್ದು ಇದರ ಹಿತ್ತಿಲಿನಿಂದ. ಅವನೊಂದಿಗೆ ತಂಗಿ ಕ್ಯಾರೊಲಿನ್ ದುಡಿಯುತ್ತಿದ್ದಳು. ನಂಬರ್ 1ರ ಮುಂದೆ ಈ ಮನೆ ಬಲು ಸಣ್ಣದು, ಅಂತಸ್ತಿಗೆ ಎರಡೇ ಕೋಣೆ, ಕಿರಿದಾದ ಮೆಟ್ಟಿಲು. ಆದರೆ ನಿಯಮ ಅದೇ: ಕೆಳಗೆ ಅಡುಗೆ, ಮೇಲೆ ಬಂದುಹೋಗುವವರು, ಅದರ ಮೇಲೆ ನಿದ್ದೆ. ಕ್ರೆಸೆಂಟ್ ನೋಡಿ ಇದನ್ನು ಬಿಟ್ಟರೆ ಜಾರ್ಜಿಯನ್ ಮನೆ ಎಂದರೆ ಸಿರಿವಂತರದ್ದು ಎಂಬ ತಪ್ಪು ಭಾವನೆ ಉಳಿಯುತ್ತದೆ. ಹಿಂದಿನ ಕಾರ್ಯಾಗಾರದ ನೆಲದಲ್ಲಿ ಒಡೆದ ಚಪ್ಪಡಿಗಳಿವೆ. 1781ರ ಆಗಸ್ಟ್‌ನಲ್ಲಿ ದೂರದರ್ಶಕಕ್ಕೆ ಲೋಹದ ದೊಡ್ಡ ಕನ್ನಡಿ ಎರಕ ಹೊಯ್ಯುವಾಗ ಕಾದ ಲೋಹ ಸೋರಿ ಹರಿಯಿತು, ಕಲ್ಲೊಳಗಿನ ತೇವ ಆವಿಯಾಗಿ ಚಪ್ಪಡಿಗಳು ಸಿಡಿದವು. ಮನೆಯವರು ಪ್ರಾಣ ಉಳಿಸಿಕೊಂಡು ಓಡಿದರು.

ಸಂಜೆಗೆ ಕ್ಯಾಮ್ಡೆನ್ ಕ್ರೆಸೆಂಟ್. ಜಾನ್ ಎವಲೀ 1788ರಲ್ಲಿ ಆರಂಭಿಸಿದ ಸಾಲು. ತ್ರಿಕೋನ ಮುಖಮಂಟಪ ನಡುವಿನಲ್ಲಿಲ್ಲ, ಒಂದು ಕಡೆಗೆ ಸರಿದಂತಿದೆ. ಪೂರ್ವದ ತುದಿಯಲ್ಲಿ ಗುಡ್ಡವೇ ಜಾರಿ, ಅಲ್ಲಿನ ಮನೆಗಳನ್ನು ಕೈಬಿಡಬೇಕಾಯಿತು. ಮುಖಮಂಟಪದಡಿ ಐದು ಕಂಬ, ಅಂದರೆ ನಟ್ಟನಡುವೆ ತೆರಪಿನ ಬದಲು ಕಂಬವೇ ನಿಂತಿದೆ. ನಿಯಮ ಬಲ್ಲವರು ಇದನ್ನು ಒಪ್ಪುವುದಿಲ್ಲ. ಬಾಗಿಲುಗಳ ಮೇಲಿನ ಕೀಲುಗಲ್ಲಿನಲ್ಲಿ ಆನೆಯ ತಲೆಗಳಿವೆ, ಅದು ಕ್ಯಾಮ್ಡೆನ್ ಮನೆತನದ ಲಾಂಛನ. ಊರು ಪೂರ್ತಿ ಕೆಳಗೆ ಹರಡಿಕೊಂಡಿರುವುದು ಇಲ್ಲಿಂದ ಕಾಣುತ್ತದೆ.

ನಾಲ್ಕನೇ ದಿನ: ಸೇತುವೆಯಾಚೆ

ಎರಡೂ ಬದಿ ಅಂಗಡಿಗಳಿರುವ ಪಲ್ಟ್‌ನಿ ಸೇತುವೆ ರಾಬರ್ಟ್ ಆಡಮ್‌ನದು, 1774ರಲ್ಲಿ ಮುಗಿದದ್ದು. ಅದನ್ನು ದಾಟಿದರೆ ಥಾಮಸ್ ಬಾಲ್ಡ್‌ವಿನ್ ನಕ್ಷೆ ಮಾಡಿದ ಗ್ರೇಟ್ ಪಲ್ಟ್‌ನಿ ಸ್ಟ್ರೀಟ್: ಸುಮಾರು 1000 ಅಡಿ ಉದ್ದ, 100 ಅಡಿ ಅಗಲ, ತುದಿಗೆ ಈಗಿನ ಹೋಲ್ಬರ್ನ್ ವಸ್ತುಸಂಗ್ರಹಾಲಯ. ಅಡ್ಡಬೀದಿಗಳು ಮಾತ್ರ ಶುರುವಾದಲ್ಲೇ ನಿಂತುಹೋಗಿವೆ. 1793ರಲ್ಲಿ ಫ್ರಾನ್ಸ್ ಜತೆ ಯುದ್ಧ ಶುರುವಾಗಿ ಬ್ಯಾಂಕುಗಳು ಬಿದ್ದವು, ಸಾಲದ ಮೇಲೆ ಕಟ್ಟುತ್ತಿದ್ದವರೆಲ್ಲ ಮುಳುಗಿದರು, ಬಾಲ್ಡ್‌ವಿನ್ ಕೂಡ ದಿವಾಳಿಯಾದ.

ಇಲ್ಲಿ ನೋಡಬೇಕಾದದ್ದು ಕಾಲಡಿಯಲ್ಲಿದೆ. ಹಳೆಯ ನೆಲ ತಗ್ಗು. ನೆಲಮಾಳಿಗೆಯನ್ನು ಆ ಮಟ್ಟದಲ್ಲೇ ಕಟ್ಟಿ, ರಸ್ತೆಯನ್ನು ಕಮಾನುಗಳ ಮೇಲೆ ಎತ್ತರಿಸಿದ್ದಾರೆ. ಕಂಬಿಬೇಲಿಯಿಂದ ಬಗ್ಗಿ ನೋಡಿದರೆ ತಗ್ಗಿನ ಅಂಗಳ, ಅದರಾಚೆ ಕಾಲುದಾರಿಯಡಿಯ ಕಲ್ಲಿದ್ದಲ ಕಮಾನುಕೋಣೆಗಳ ಬಾಗಿಲು ಕಾಣುತ್ತವೆ. ಕಲ್ಲಿದ್ದಲನ್ನು ಮೇಲಿನ ದುಂಡು ಮುಚ್ಚಳದಿಂದ ಸುರಿಯುತ್ತಿದ್ದರು. ಈಗ ಅವನ್ನು ಕೋಣೆಯಾಗಿಸಲು ಹೋದವರು ಒಳಗೆ ಸಿಮೆಂಟ್ ಬಳಿದು ನೀರನ್ನು ತಡೆಯಲು ನೋಡುತ್ತಾರೆ. ನೀರು ತಡೆಯಲ್ಪಡದೆ ದಾರಿ ಹುಡುಕಿ ಮನೆಯ ಗೋಡೆಗೇ ಏರುತ್ತದೆ. ಒಳಗೆ ಉಬ್ಬು ಗುಬುಟುಗಳಿರುವ ಪ್ಲಾಸ್ಟಿಕ್ ಹಾಳೆ ಹಾಕಿ, ಸೋರಿದ್ದನ್ನು ಅದರ ಹಿಂದೆಯೇ ಚರಂಡಿಗೆ ಇಳಿಸಿ ಪಂಪಿನಿಂದ ಹೊರಹಾಕುವುದೇ ನಡೆಯುವ ದಾರಿ.

ಸಿಮೆಂಟಿನ ಇನ್ನೂ ದೊಡ್ಡ ಅನ್ಯಾಯ ಮುಂಗೋಡೆಯ ಸಂದುಗಳಲ್ಲಿದೆ. ಬಾತ್ ಕಲ್ಲು ನೀರು ಕುಡಿಯುತ್ತದೆ, ಮತ್ತೆ ಬಿಡುತ್ತದೆ. ಮೆತ್ತಗಿನ ಸುಣ್ಣದ ಸಂದು ಇದ್ದರೆ ತೇವ ಅಲ್ಲಿಂದ ಹೋಗುತ್ತದೆ, ಸವೆಯುವುದೂ ಸಂದೇ. ಸಿಮೆಂಟ್ ತುಂಬಿದರೆ ತೇವ ಕಲ್ಲಿನಿಂದಲೇ ಹೊರಡಬೇಕು. ಉಪ್ಪು ಮತ್ತು ಹೆಪ್ಪುಗಟ್ಟುವ ನೀರು ಸೇರಿ ಕಲ್ಲನ್ನು ತಿನ್ನುತ್ತವೆ, ಕೊನೆಗೆ ಸಿಮೆಂಟ್ ಪಟ್ಟಿಗಳು ಎದ್ದು ನಿಂತು ನಡುವಿನ ಕಲ್ಲು ಬಟ್ಟಲಾಗುತ್ತದೆ. ಗಣಿಯಲ್ಲಿ ಮಲಗಿದ್ದ ಪದರವನ್ನು ನಿಲ್ಲಿಸಿ ಕೂರಿಸಿದ ಕಲ್ಲಂತೂ ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ.

ಸರಿಯಾದ ಕೆಲಸಕ್ಕೆ ಗ್ರೈಂಡರ್ ಮುಟ್ಟಬಾರದು, ಅದರ ಚಕ್ರವೇ ಸಂದಿಗಿಂತ ದಪ್ಪ. ಹಳೆಯ ಗರಗಸದ ಅಲಗಿನಿಂದ ಸಂದನ್ನು ಕೆರೆದು, ಧೂಳು ಊದಿ, ನೀರು ಚಿಮುಕಿಸಿ, ಒಂದು ಪಾಲು ನೆನೆಸಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಜರಡಿ ಹಿಡಿದ ಕಲ್ಲುಪುಡಿ ಕಲಸಿ ತುಂಬಬೇಕು. ಒದ್ದೆ ಗೋಣಿ ಕಟ್ಟಿ ಕೆಲವು ದಿನ ನಿಧಾನವಾಗಿ ಆರಲು ಬಿಡಬೇಕು. ಗಾಳಿ ಬಿಸಿಲಿಗೆ ಬೇಗ ಆರಿದರೆ ಪುಡಿಯಾಗುತ್ತದೆ, ಉಷ್ಣತೆ 5 ಡಿಗ್ರಿಗಿಂತ ಇಳಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಹೆಪ್ಪುಗಟ್ಟಿದರೆ ಉದುರುತ್ತದೆ. ಅದಕ್ಕೇ ಸುಣ್ಣ ಬಲ್ಲ ಮೇಸ್ತ್ರಿಗಳು ಅಕ್ಟೋಬರ್ ನಂತರ ಮುಂಗೋಡೆಯ ಕೆಲಸ ಹಿಡಿಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂದರೆ ಯಾವುದಾದರೊಂದು ಬೀದಿಯಲ್ಲಿ ಅಟ್ಟಣಿಗೆ ಕಟ್ಟಿ ಈ ಕೆಲಸ ನಡೆಯುತ್ತಿರುತ್ತದೆ. ಊಟದ ಬಿಡುವಿನಲ್ಲಿ ಕೇಳಿದರೆ ಹೆಚ್ಚಿನವರು ಖುಷಿಯಿಂದಲೇ ತೋರಿಸುತ್ತಾರೆ.